ಕಾಯಂ ಚಿಂತೆ

ಏಳು ಸಮುದ್ರದಾಚೆ ಅಲ್ಲ, ಏಳು ಬೆಟ್ಟದಾಚೆಯೂ ಅಲ್ಲ, ಎರಡನೇ ಮಹಡಿಯ ಟ್ಯೂಷನ್ ಸೆಂಟರಿನಲ್ಲಿ ಒಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ಅವರಿಗೆ ರಾಜಕುಮಾರಿಯೂ ಬೇಡ, ಅರ್ಧ ರಾಜ್ಯವೂ ಬೇಡ. ಕೆಲಸ ಕಾಯಂ ಆದರೆ ಸಾಕಿತ್ತು. ರಜೆ ಬಂದಾಗಲೆಲ್ಲ ಸೆಂಟರಿನವರು ಅವರನ್ನು ಮನೆಗೆ ಕಳಿಸಿ, ಬೇಕೆನಿಸಿದರೆ ಮತ್ತೆ ಕರೆಯುತ್ತಿದ್ದರು. ಕೊನೆಗೆ ಸೆಂಟರಿನ ಯಜಮಾನರು ಒಂದು ಪಂಥ ಒಡ್ಡಿದರು: ‘ಸ್ಟ್ರೆಸ್ ಔಟ್’ ಎಂಬುದರ ಅರ್ಥ, ಬಳಕೆ ಎರಡೂ ಕೊನೆಯ ಬೆಂಚಿಗೂ ತಿಳಿಯುವಂತೆ ನನ್ನೆದುರು ಪಾಠ ಮಾಡಿ, ಆಮೇಲೆ ಕಾಯಮಿನ ಮಾತು.

ಆ ಬೆಳಗ್ಗೆ ಹೆಂಡತಿ ಇಸ್ತ್ರಿ ಮಾಡಿದ ಶರ್ಟು ಕೊಟ್ಟಳು. “ಕಾಯಂ ಆಗ್ಲಿಲ್ಲ ಅಂದ್ರೆ ಮನೆಗೆ ಬರಬೇಡಿ ಅಂತ ನಾನೇನೂ ಅನ್ನಲ್ಲ. ಬನ್ನಿ. ಆದ್ರೆ ನಮ್ಮಮ್ಮನಿಗೆ ನೀವೇ ಹೇಳಿ.”

ಮೇಷ್ಟ್ರು ಶರ್ಟಿನ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡು ಹೊರಟರು.

ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಹಿರಿಯರು ಚಿಂತೆ ಮಾಡಬೇಡಿ ಎಂದರು. ತಮ್ಮ ಭಾವಮೈದ ಹೀಗೇ ಚಿಂತೆ ಮಾಡಿ ಸಂದರ್ಶನದ ಮೇಜಿನ ಮೇಲೆಯೇ ಒರಗಿಹೋದದ್ದನ್ನು ಸಾವಕಾಶವಾಗಿ ವರ್ಣಿಸಿದರು. ಸೆಂಟರಿನಲ್ಲಿ ಗಣಿತದ ಮೇಡಂ ಧೈರ್ಯ ಹೇಳಿದರು: ಹಿಂದೆ ಈ ಪರೀಕ್ಷೆಗೆ ನಿಂತವರು ಈಗ ಇನ್ಶೂರೆನ್ಸ್ ಮಾರುತ್ತಾ ಎಷ್ಟೋ ನೆಮ್ಮದಿಯಾಗಿದ್ದಾರಂತೆ. ವಿಜ್ಞಾನದ ಮೇಷ್ಟ್ರು ನಾಡಿ ಹಿಡಿದು ನೋಡಿದರು, ಆಮೇಲೆ ಇನ್ನೊಂದು ಕೈಯನ್ನೂ ಹಿಡಿದು ನೋಡಿದರು.

ತರಗತಿ ಸೇರುವಷ್ಟರಲ್ಲಿ ಮೇಷ್ಟ್ರು ನೀರಿಗೆ ಬಿದ್ದ ಹಪ್ಪಳದಂತಾಗಿದ್ದರು. ಯಜಮಾನರು ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಪದ ಬರೆಯಹೋದರು, ಸೀಮೆಸುಣ್ಣ ಮುರಿಯಿತು. ತಪ್ಪು ಅಕ್ಷರವನ್ನು ಕರವಸ್ತ್ರದಿಂದ ಒರೆಸಿ, ಅದರಲ್ಲೇ ಮುಖವನ್ನೂ ಒರೆಸಿಕೊಂಡರು. ಸುಣ್ಣ ಬಳಿದ ಗೋಡೆಯಂಥ ಆ ಮುಖದಲ್ಲಿ ಬಾಯಿ ತೆರೆಯಿತು, ಮುಚ್ಚಿತು. ಮಾತು ಹೊರಡಲಿಲ್ಲ.

ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. “ಚಿಂತೆ ಮಾಡಿ ಮಾಡಿ ಕೈಕಾಲೇ ಆಡದ ಹಾಗಾಗೋದು, ಅಲ್ವಾ ಸರ್?”

ಸದಾ ತೂಕಡಿಸುವ ಹಿಂದಿನ ಬೆಂಚಿನವನು ತಾನಾಗಿ ವಾಕ್ಯ ಕಟ್ಟಿದ: “ಸರ್ ಈಸ್ ಸ್ಟ್ರೆಸ್ಡ್ ಔಟ್.” ಮತ್ತೊಬ್ಬಳು ಕನಿಕರದಿಂದ, “ಡೋಂಟ್ ಸ್ಟ್ರೆಸ್ ಔಟ್, ಸರ್,” ಎಂದಳು.

ಅರ್ಥವೂ ಆಯಿತು, ಬಳಕೆಯೂ ಆಯಿತು. ಯಜಮಾನರು ಚಪ್ಪಾಳೆ ತಟ್ಟಿ, ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆದೊಯ್ದು ಕೂರಿಸಿದರು. ಇಂಥ ಪಾಠ ತಾವು ಕಂಡೇ ಇಲ್ಲ, ಇನ್ನು ಪ್ರತಿ ಬ್ಯಾಚಿಗೂ ಇದನ್ನು ಅವರೇ ಮಾಡಬೇಕು ಎಂದರು.

ಮೇಷ್ಟ್ರಿಗೆ ಆಗ ಮಾತು ಬಂತು. “ಹಾಗಾದ್ರೆ ಕಾಯಂ, ಸರ್?”

“ಅದನ್ನೇ ಯೋಚಿಸ್ತಿದ್ದೆ. ಕಾಯಂ ಮಾಡಿದ್ರೆ ನಿಮ್ಮ ಚಿಂತೆ ಹೋಗುತ್ತೆ. ಚಿಂತೆ ಹೋದ್ರೆ ಈ ಪಾಠ ಎಲ್ಲಿಂದ ಬರುತ್ತೆ, ನೀವೇ ಹೇಳಿ?” ಯಜಮಾನರು ಪ್ರೀತಿಯಿಂದ ಬೆನ್ನು ತಟ್ಟಿದರು. “ಹೀಗೇ ಇರಿ, ಮೇಷ್ಟ್ರೇ.”

ಮುಂದಿನ ಬ್ಯಾಚಿನ ಗಂಟೆ ಹೊಡೆಯಿತು. ಮೇಷ್ಟ್ರು ಎದ್ದರು. ಈ ಸಲ ಅವರು ತರಗತಿಯ ಬಾಗಿಲು ದಾಟುವ ಮೊದಲೇ ಮಕ್ಕಳಿಗೆಲ್ಲ ಪಾಠ ಅರ್ಥವಾಗಿತ್ತು.