ಎತ್ತಿನ ರಜೆಯೂ ವರದಿಗಾರನ ಪಾಠವೂ

ಮಾನವಶಾಸ್ತ್ರವನ್ನು ಮೂವತ್ತು ವರ್ಷ ಬೋಧಿಸಿ ನಿವೃತ್ತನಾದವನು ನಾನು. ಪತ್ರಕರ್ತರು ಒಂದು ಊರನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವುದನ್ನು ಬಿಡುವ ತನಕ ಇಂಥ ಪ್ರಸಂಗಗಳು ನನ್ನ ಬಾಗಿಲಿಗೆ ಬರುತ್ತಲೇ ಇರುತ್ತವೆ.

೧. ಸೋಮವಾರ

ರಾಯದುರ್ಗದ ಪೇಟೆಯಲ್ಲಿ ಬೆಳೆದ ವರದಿಗಾರನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಮಡಕಶಿರಕ್ಕೆ ವರ್ಗವಾಗಿ ಬಂದ. ಬಂದ ವಾರದಲ್ಲೇ ಗುಡಿಬಂಡೆ ಕಡೆಯ ಒಂದು ಹಳ್ಳಿಗೆ ಹೋದ. ಬಿತ್ತನೆಯ ಹದವಿದ್ದರೂ ಗಂಡಸರೆಲ್ಲ ಕಟ್ಟೆಯ ಮೇಲೆ ಕುಳಿತಿದ್ದರು. ಕಾರಣ ಕೇಳಲಿಲ್ಲ. ‘ದುಡಿಮೆ ಮರೆತ ಊರು’ ಎಂದು ತಲೆಬರಹ ಕೊಟ್ಟು ಅವರ ಫೋಟೋ ಹಾಕಿದ. ಊರು ಸಿಟ್ಟಿಗೆದ್ದಿತು. ಸಂಪಾದಕರು ಅಪ್ಪಣೆ ಮಾಡಿದರು: ಊರವರು ಒಪ್ಪುವ ತಿದ್ದುಪಡಿಯನ್ನು ವಾರದೊಳಗೆ ತರಬೇಕು, ಇಲ್ಲವಾದರೆ ಕೆಲಸವಿಲ್ಲ.

ಅವನನ್ನು ನಾನೇ ಕರೆದೊಯ್ದೆ. ಊರಿನ ಹಿರಿಯರು ವಿಚಾರಣೆ ನಡೆಸಿದರು.

“ಯಾವ ವಾರ ಬಂದಿದ್ದೆ?”

“ಸೋಮವಾರ್ರಿ.”

“ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಲ್ಲ ಕಣಪ್ಪ. ಬಸವಣ್ಣನ ವಾರ. ನಿಮ್ಮ ಆಪೀಸಿಗೆ ರಜ ಇಲ್ವಾ?”

“ಐತ್ರಿ. ಭಾನುವಾರ.”

“ಆವತ್ತು ನಾವ್ಯಾರಾದ್ರೂ ಬಂದು ನಿನ್ನ ಪೋಟೋ ಹಿಡಿದ್ವಾ?”

೨. ಕಡಲೆಕಾಯಿ

ಮೂರು ದಿನ ಅಲ್ಲೇ ಉಳಿಯಬೇಕೆಂದು ಅವನಿಗೆ ಆಜ್ಞೆ ಮಾಡಿದೆ. ಟಿಪ್ಪಣಿ ಪುಸ್ತಕ ತೆಗೆಯಕೂಡದು, ಪ್ರಶ್ನೆ ಕೇಳಕೂಡದು.

“ಮತ್ತ ಸುದ್ದಿ ಹೆಂಗ ಸಿಗ್ತೈತ್ರಿ ಸರ್?”

“ಜನರ ನಡುವೆ ಇದ್ದು, ಅವರ ಕೆಲಸದಲ್ಲಿ ಕೈಜೋಡಿಸಿ, ತಮ್ಮ ಬಾಳಿಗೆ ಅವರೇ ಕೊಡುವ ಅರ್ಥವನ್ನು ಅರಿಯುವುದು ಮಾನವಶಾಸ್ತ್ರ. ಪ್ರಶ್ನೆ ಆಮೇಲೆ. ಮೊದಲು ಕೂತುಕೋ.”

ಜಗಲಿಯಲ್ಲಿ ಹೆಂಗಸರು ಬಿತ್ತನೆಗೆಂದು ಕಡಲೆಕಾಯಿ ಸುಲಿಯುತ್ತಿದ್ದರು. ಅವನೂ ಕುಳಿತು ಸುಲಿದ. ಪಾಠ ಫಲಿಸಿತು. ಬೆಳಿಗ್ಗೆ ಅವನನ್ನು ಕಂಡು ಬಾಗಿಲು ಹಾಕಿಕೊಂಡವರೇ ಎತ್ತು, ಮಳೆ, ಸೊಸೆ, ಎಲ್ಲದರ ಸುದ್ದಿಯನ್ನೂ ತಾವಾಗಿ ಹೇಳತೊಡಗಿದರು. ಅವನು ಮೈಮರೆತು ಕೇಳುತ್ತ ಒಂದು ಬೀಜ ಮೊರಕ್ಕೆ, ಎರಡು ಬೀಜ ಬಾಯಿಗೆ ಹಾಕುತ್ತಿದ್ದ. ಬಹಳ ಹೊತ್ತು ಸಹಿಸಿದ ಅಜ್ಜಿಯೊಬ್ಬರು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಹೊಲಕ್ಕೆ ಬಿತ್ತಕ್ಕೆ ಸುಲೀತಿದೀವಿ ಕಣಪ್ಪ. ನೀನು ಹೊಟ್ಟೆಗೇ ಬಿತ್ತಿ ಮುಗಿಸಿಬಿಡ್ತೀಯ!”

೩. ಕರಡು

ತಿದ್ದುಪಡಿ ಗಡುವಿನೊಳಗೆ ಅಚ್ಚಾಯಿತು. ಅವನ ಕೆಲಸ ಉಳಿಯಿತು. ಅಚ್ಚಾದದ್ದು ಅವನೇ ಬರೆದ ಹತ್ತು ಸಾಲು: ಎತ್ತಿಗೂ ದಣಿವುಂಟು, ಸೋಮವಾರ ಅದರ ವಿಶ್ರಾಂತಿ, ವಿಚಾರಿಸದೆ ಬರೆದದ್ದು ತನ್ನ ತಪ್ಪು. ಅದಕ್ಕೆ ಮೊದಲು ಇನ್ನೊಂದು ಕರಡಿತ್ತೆಂಬುದನ್ನು ಶಿಸ್ತಿನ ದೃಷ್ಟಿಯಿಂದ ಇಲ್ಲಿ ದಾಖಲಿಸಲೇಬೇಕು. ಅದನ್ನು ಹೇಳಿ ಬರೆಸಿದವನು ನಾನು.

ಮೂರನೆಯ ಸಂಜೆ ಕಟ್ಟೆಯ ಬಳಿ ಊರು ಸೇರಿತ್ತು. ಒಪ್ಪಿಗೆ ದೊರೆಯದಿದ್ದರೆ ಅವನು ಕೆಲಸ ಕಳೆದುಕೊಂಡು ರಾಯದುರ್ಗಕ್ಕೆ ಮರಳಬೇಕಿತ್ತು. ಅವನು ಹಾಳೆಗಳನ್ನು ನನ್ನ ಕೈಗೆ ತುರುಕಿದ್ದರಿಂದ ನಾನೇ ಎದ್ದು ನಿಂತು ಓದಿದೆ: “ಕೃಷಿ ಸಮುದಾಯಗಳಲ್ಲಿ ಪಶುಶ್ರಮದ ಆವರ್ತಕ ನಿಷೇಧವು ಸಾಮೂಹಿಕ ಪ್ರಜ್ಞೆಯ ಸಾಂಕೇತಿಕ ಅಭಿವ್ಯಕ್ತಿಯಾಗಿದ್ದು...” ಹೀಗೆ ಎರಡು ಪುಟ. ವರದಿಗಾರ ಉಗುರು ಕಚ್ಚುತ್ತಿದ್ದ. ಹಿರಿಯರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ಗೌರವದಿಂದ ಕೈಮುಗಿದರು.

“ಬಲು ಚೆನ್ನಾಗೈತೆ ಮೇಷ್ಟ್ರೇ. ಇದು ಯಾವೂರಿನ ಸುದ್ದಿ?”