ತಿಪ್ಪಯ್ಯನಿಗೆ ಬಾಗಿಲು ತೆಗೆಯದ ತಾಯಿ

ಹೊನ್ನವಳ್ಳಿಯ ದಯಾನಂದನಿಗೆ ಆ ವರ್ಷ ಇದ್ದದ್ದು ಒಂದೇ ಕೊರಗು. ಸಮುದ್ರ ದಾಟಿ, ಮೂರು ದ್ವೀಪ ಅಲೆದು, ಕಳೆದುಹೋಗಿದ್ದ ಅಣ್ಣನನ್ನು ಹುಡುಕಿ ಕರೆತಂದ ಮಗ ಬಾಗಿಲು ತಟ್ಟಿದರೆ, ಹೆತ್ತ ತಾಯಿ ಬಾಗಿಲು ತೆಗೆಯುತ್ತಿರಲಿಲ್ಲ. ಒಂದು ಸಲ ಅಲ್ಲ, ಏಳು ಸಲ.

(ಗಾಬರಿಯಾಗಬೇಡಿ. ಇದೆಲ್ಲ ನಡೆಯುತ್ತಿದ್ದದ್ದು ಕಂಪ್ಯೂಟರಿನೊಳಗೆ.)

ಕಂಪ್ಯೂಟರು ಅವನ ಭಾಮೈದ ಮೋಹನ್ ಕುಮಾರನದು. ತಿಪಟೂರಿನಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಮೋಹನ, ಹೊಸ ಮಿಷನ್ನುಗಳು ಬಂದಾಗ ಹಳೆಯದೊಂದನ್ನು “ಸ್ವಲ್ಪ ದಿನ ನಿಮ್ಮಲ್ಲಿರ್ಲಿ ಭಾವ” ಎಂದು ಅಕ್ಕನ ಮನೆಯಲ್ಲಿ ತಂದಿಳಿಸಿದ. ಜೊತೆಗೆ ಹೊದಿಕೆ ಹರಿದ ಒಂದು ಸೀಡಿ, ಅದರಲ್ಲೊಂದು ಆಟ. ಆಟವೆಂದರೆ ಗುಂಡು ಹಾರಿಸುವುದಲ್ಲ, ಕಾರು ಓಡಿಸುವುದಲ್ಲ, ಕಥೆ. ದೋಣಿ ನಡೆಸುವವನೊಬ್ಬ ತಾಯಿಯನ್ನು ಬಿಟ್ಟು ಅಣ್ಣನನ್ನು ಹುಡುಕಲು ಹೊರಡುತ್ತಾನೆ, ಅವನನ್ನು ನಡೆಸುವವರು ನಾವು. ಶುರುವಿನಲ್ಲೇ ಆಟ ನಾಯಕನ ಹೆಸರು ಕೇಳಿತು. ದಯಾನಂದ ಬೇರೇನೂ ಹೊಳೆಯದೆ ತೀರಿಹೋದ ತಾತನ ಹೆಸರನ್ನು ಇಟ್ಟುಬಿಟ್ಟ. ಹೀಗೆ ಹೊಂಬಣ್ಣದ ಕೂದಲಿನ, ನೀಲಿ ಕಣ್ಣಿನ, ಆರಡಿ ಎತ್ತರದ ವೀರನೊಬ್ಬ ತಿಪ್ಪಯ್ಯನೆಂಬ ಶುಭನಾಮಧೇಯದಿಂದ ದೇಶ ಸಂಚಾರಕ್ಕೆ ಹೊರಟ.

ಆಟದ ತುಂಬಾ ಹುಳುಕು. ಮಳೆ ಬಂದರೆ ಮನೆಯೊಳಗೂ ಸುರಿಯುತ್ತಿತ್ತು. ತಿಪ್ಪಯ್ಯನ ಕತ್ತೆ ಗೋಡೆಯಲ್ಲಿ ಅರ್ಧ ಹೂತುಕೊಂಡು, ಹಿಂಭಾಗವನ್ನಷ್ಟೇ ಆಚೆ ಉಳಿಸಿ ಬಾಲ ಆಡಿಸುತ್ತಿತ್ತು. ತೆಂಗಿನಮರಕ್ಕೆ ಕೊಂಬೆಗಳಿದ್ದವು, ಕೊಂಬೆಗೊಂದರಂತೆ ಕಾಯಿ ತೂಗುತ್ತಿತ್ತು. “ಇದನ್ನ ಮಾಡ್ದೋನು ತೆಂಗಿನಮರ ಕಣ್ಣಲ್ಲೇ ಕಂಡಿಲ್ಲ ಕಣೇ! ಗೊನೆ ಎಲ್ಲೈತೆ, ಹೊಂಬಾಳೆ ಎಲ್ಲೈತೆ?” ಎಂದು ದಯಾನಂದ ರೇಗುತ್ತಿದ್ದ. ಬೈದ ಬಾಯಲ್ಲೇ, “ಆದ್ರೂ ಪಾಪ, ಕಷ್ಟಪಟ್ಟು ಮಾಡವ್ನೆ” ಎನ್ನುತ್ತಿದ್ದ. ಎರಡನೇ ದ್ವೀಪದಲ್ಲಿ ಕುರುಡಿ ಅಜ್ಜಿಯೊಬ್ಬಳು ತನಗಿದ್ದ ಒಂದೇ ರೊಟ್ಟಿಯನ್ನು ತಿಪ್ಪಯ್ಯನಿಗೆ ಕೊಡುತ್ತಾಳೆ. ಮಾತಾಡುವಾಗ ಅವಳ ತುಟಿಯೇ ಅಲ್ಲಾಡುವುದಿಲ್ಲ, ಆದರೂ ದಯಾನಂದ ಅಲ್ಲಿ ಏಳು ಸಲವೂ ಟವೆಲಿನಿಂದ ಕಣ್ಣೊರೆಸಿಕೊಂಡಿದ್ದ.

ಹೆಂಡತಿ ಜ್ಯೋತಿಲಕ್ಷ್ಮಿ ಹೊಸ್ತಿಲ ಬಳಿ ಕೂತು ತೆಂಗಿನ ಗರಿ ಸೀಳಿ ಪೊರಕೆಕಡ್ಡಿ ತೆಗೆಯುತ್ತಾ ಈ ವೈಭವವನ್ನೆಲ್ಲ ನೋಡುತ್ತಿದ್ದಳು.

“ರೀ, ಗರಿ ಹೊರೋಕೆ ಕರೆದ್ರೆ ಬೆನ್ನುನೋವು ಅಂತೀರ. ಅಲ್ಲಿ ಕತ್ತೆ ತಳ್ಳೋಕೆ ಮಾತ್ರ ಬೆನ್ನು ಚೆನ್ನಾಗೈತಾ?”

“ಕಥೆ ಅಂದ್ರೆ ನಿಂಗೇನು ಗೊತ್ತು, ಬುಡು.”

ತಾಯಿ ಬಾಗಿಲು ತೆಗೆಯದಿರಲು ಸೀಡಿಯ ಮೇಲಿನ ಗೀರೇ ಕಾರಣವೆಂದು ದಯಾನಂದ ತೀರ್ಮಾನಿಸಿದ. ಅವನ ಸೀಮೆಯಲ್ಲಿ ತಲೆನೋವಿನಿಂದ ಹಿಡಿದು ಗೇಟಿನ ಕಿರುಗುಟ್ಟುವಿಕೆಯವರೆಗೆ ಎಲ್ಲಕ್ಕೂ ಮದ್ದು ಒಂದೇ. ಸೀಡಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಸೀಗೆಪುಡಿ ಹಾಕಿ ತೊಳೆದ. (ಅಭ್ಯಂಜನದಲ್ಲಿ ಬಾಕಿ ಉಳಿದದ್ದು ಸಾಂಬ್ರಾಣಿ ಹೊಗೆಯೊಂದೇ.) ಇಷ್ಟಾದ ಮೇಲೂ ಸೀಡಿ ಬದುಕಿತ್ತು. ತಾಯಿ ಮಾತ್ರ ಬಾಗಿಲು ತೆಗೆಯಲಿಲ್ಲ.

ಅಂಥದ್ದರಲ್ಲಿ ಒಂದು ಬುಧವಾರ ಮೋಹನನ ಫೋನು ಬಂತು. ಕಂಪ್ಯೂಟರನ್ನು ಮಾಯಸಂದ್ರದವರೊಬ್ಬರಿಗೆ ಕೊಡುವುದಾಗಿ ಮಾತಾಗಿದೆ, ಭಾನುವಾರ ಮಧ್ಯಾಹ್ನ ಬಂದು ಒಯ್ಯುತ್ತೇನೆ ಎಂದ.

“ಆ ಸೀಡಿ?”

“ಅದೂ ಅವ್ರಿಗೇ ಭಾವ.”

“ಆಯಮ್ಮ ಇನ್ನೂ ಬಾಗ್ಲು ತೆಗ್ದಿಲ್ವಲ್ಲೋ!”

“ಆ ಗೇಮೇ ಹಂಗೆ ಬುಡಿ. ಮಾಡ್ದೋರು ಅರ್ಧಕ್ಕೇ ಕೈ ಬಿಟ್ಟವ್ರೆ.”

ಅಂದು ದಯಾನಂದ ಊಟಕ್ಕೆ ಕೂತರೂ ಮುದ್ದೆ ಮುರಿಯಲಿಲ್ಲ. ತಿಪ್ಪಯ್ಯ ಹೊಸ್ತಿಲಾಚೆ ನಿಂತಿರುವಾಗಲೇ ಮಾಯಸಂದ್ರಕ್ಕೆ ಹೋಗಿಬಿಟ್ಟರೆ? ಅಲ್ಲಿ ಅವನ ಬಗ್ಗೆ ಯಾರಿಗೆ ಕಾಳಜಿ? ಗಂಡನ ತಟ್ಟೆ ನೋಡಿ ಜ್ಯೋತಿಲಕ್ಷ್ಮಿ ಕೇಳಿದಳು:

“ಅಲ್ಲಾ, ಹೊರಡೋವಾಗ ಅವನು ಏನಂತ ಹೇಳಿ ಹೊರಟ?”

“ಯಾರು?”

“ತಿಪ್ಪಯ್ಯ ಕಣ್ರೀ. ಅವ್ವಂಗೆ ಏನಂದ?”

ದಯಾನಂದ ಬೆರಗಾದ. ಆರು ತಿಂಗಳು ಕಡ್ಡಿ ಸೀಳುವ ನೆಪದಲ್ಲಿ ಇವಳು ಕಥೆಯ ಒಂದೆಳೆಯನ್ನೂ ಬಿಟ್ಟಿರಲಿಲ್ಲ! ಅವನು ಎದ್ದು ಆಟದ ಮೊದಲ ದೃಶ್ಯ ತೆರೆದ. ತಾಯಿ ಬಾಗಿಲಲ್ಲಿ ನಿಂತಿದ್ದಾಳೆ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲು, ಒಂದನ್ನು ನಾವು ಆರಿಸಬೇಕು.

“ಮೇಲ್ಗಡೆ ಇರೋದು ‘ನಾನು ಹೋಗ್ತೀನಿ’ ಅಂತ. ಕೆಳಗಡೇದು ‘ಹೋಗಿ ಬತ್ತೀನಿ’ ಅಂತ.”

“ನೀವು ಯಾವ್ದು ಒತ್ತಿದ್ರಿ?”

“ಮೇಲ್ಗಡೇದು. ಅದೇ ಮೊದ್ಲು ಇತ್ತಲ್ಲ.”

“ಏಳು ಸಲಾನೂ?”

“ಏಳು ಸಲಾನೂ.”

ಜ್ಯೋತಿಲಕ್ಷ್ಮಿ ಹಣೆ ಚಚ್ಚಿಕೊಂಡಳು. “ಹೆತ್ತೋಳ ಮುಂದೆ ನಿಂತ್ಕೊಂಡು ಹೋಗ್ತೀನಿ ಅಂದ್ರೆ ಯಾವ ತಾಯಿ ಬಾಗ್ಲು ತೆಗೀತಾಳ್ರೀ? ಅತ್ತೆಮ್ಮ ನಿಮ್ಮನ್ನ ಹಂಗೆ ಹೊಸ್ತಿಲು ದಾಟೋಕೆ ಬಿಡ್ತಿದ್ರಾ?”

ಬಿಡುತ್ತಿರಲಿಲ್ಲ. ತಿಪಟೂರಿನ ಸಂತೆಗೆ ಹೊರಟಾಗ ಬಾಯಿ ತಪ್ಪಿ “ಹೋಗ್ತೀನವ್ವ” ಎಂದರೂ ಸಾಕು, ಅವ್ವ ರಂಗಮ್ಮ ಬಸ್ಸು ತಪ್ಪಿದರೆ ತಪ್ಪಲಿ ಎಂದು ಮಗನನ್ನು ವಾಪಸು ಕರೆದು, ಕೂರಿಸಿ, ನೀರು ಕುಡಿಸಿ, “ಬತ್ತೀನಿ ಅನ್ನು” ಎಂದು ಹೇಳಿಸಿ ಕಳಿಸುತ್ತಿದ್ದಳು. ಅವಳು ತೀರಿಕೊಂಡು ಆರು ವರ್ಷವಾಗಿತ್ತು. ಆ ಬಾಗಿಲ ಮುಂದೆ ಪ್ರತಿ ಸಲವೂ ಅಷ್ಟು ಹೊತ್ತು ತಾನು ಯಾಕೆ ನಿಲ್ಲುತ್ತಿದ್ದೆನೆಂದು ದಯಾನಂದನಿಗೆ ಆಗ ತಿಳಿಯಿತು. ಅವನಿಗೆ ಅವ್ವನನ್ನು ನೋಡಬೇಕೆನಿಸಿತ್ತು, ಅಷ್ಟೆ.

ಗುರುವಾರ ಬೆಳಿಗ್ಗೆ ತಿಪ್ಪಯ್ಯ “ಹೋಗಿ ಬತ್ತೀನಿ” ಎಂದು ಹೇಳಿ ಎಂಟನೇ ಸಲ ಹೊರಟ. ಈ ಸಲ ದಂಡಯಾತ್ರೆಯ ಮುಖ್ಯಸ್ಥೆ ಜ್ಯೋತಿಲಕ್ಷ್ಮಿ. “ಎಡಕ್ಕೆ ತಿರುಗ್ರೀ, ಕತ್ತೆ ಗೋಡೇಲಿ ಹೂತ್ಕೊಳ್ತದೆ!” “ಆ ಅಜ್ಜಿಗೆ ಅರ್ಧ ರೊಟ್ಟಿ ವಾಪಸ್ ಕೊಡಿ, ನೀವೊಬ್ರೇ ತಿಂತೀರಾ?” ಸಾರು ಸೀದಿತು, ಹಸುವಿನ ಹಾಲು ಹೊತ್ತು ಮೀರಿ ಕರೆದಿದ್ದಾಯಿತು. ಹಿತ್ತಲ ತೋಟದ ಎಳೆ ಸಸಿಗಳ ನೆನಪು ಇಬ್ಬರಿಗೂ ಬರಲಿಲ್ಲ.

ಭಾನುವಾರ ಹನ್ನೆರಡಕ್ಕೆ ತಿಪ್ಪಯ್ಯ ಅಣ್ಣನೊಂದಿಗೆ ಊರ ದಡಕ್ಕೆ ಇಳಿದ. ಮನೆ ಕಾಣಿಸಿತು. ಅಷ್ಟರಲ್ಲಿ ಪಕ್ಕದ ಮನೆಯ ಚಿಕ್ಕಗಂಗಮ್ಮ ಗೋಡೆಯಾಚೆಯಿಂದ ಕೂಗಿದಳು: “ದಯಣ್ಣಾ, ತ್ರೀ ಫೇಸ್ ಬಂತು! ನಿಮ್ ಸಸಿ ಬಾಡ್ಕೊಂಡವೆ ಕಣಪ್ಪೋ!”

“ಓಡ್ರೀ, ಮೋಟ್ರು ಹಾಕಿ ಬನ್ನಿ,” ಎಂದಳು ಜ್ಯೋತಿಲಕ್ಷ್ಮಿ.

“ಈಗ್ಲಾ? ಬಾಗ್ಲಲ್ಲಿ ನಿಂತವ್ನಲ್ಲೇ!”

“ನಾಲ್ಕು ದಿನದಿಂದ ನೀರಿಲ್ಲ. ಎರಡು ಗಂಟೇಲಿ ಕರೆಂಟ್ ಹೋಯ್ತದೆ. ತಿಪ್ಪಯ್ಯ ಎಲ್ಲೂ ಹೋಗಲ್ಲ, ಏಳಿ!”

ದಯಾನಂದ ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡು, ಬಾಗಿಲಲ್ಲಿ ಉಗ್ರ ನರಸಿಂಹನಾಗಿ ತಿರುಗಿ ಗರ್ಜಿಸಿದ: “ಹೋಗ್ತೀನಿ, ಹೋಗ್ತೀನಿ! ನಾನಿಲ್ದಾಗ ಅದನ್ನ ಮುಟ್ಟಿದ್ರೆ ನೋಡು!”

ಮೋಟರು ಹಾಕಿ, ಸಸಿಗಳಿಗೆ ನೀರು ತಿರುಗಿಸಿ, ಕೆಸರುಗಾಲಲ್ಲೇ ಓಡಿ ಬಂದ. ಬಾಗಿಲು ಮುಚ್ಚಿತ್ತು. ತಳ್ಳಿದ, ಒಳಗಿನಿಂದ ಚಿಲಕ. ಜಗಲಿಯ ಮೇಲೆ ಮೋಹನ್ ಕುಮಾರ ಆಗಲೇ ಬಂದು ಕೂತಿದ್ದ.

“ನಂಗೂ ತೆಗೀತಿಲ್ಲ ಭಾವ, ಅಕ್ಕ ಏನೋ ಮುಖ್ಯವಾದ ಕೆಲ್ಸದಲ್ಲವ್ಳಂತೆ,” ಎಂದ.

ದಯಾನಂದ ತಟ್ಟಿದ. ಒಳಗಿನಿಂದ ಈ ಏಳು ಸಲದಲ್ಲಿ ಅವನು ಎಂದೂ ಕೇಳಿರದ ಸಂಗೀತವೊಂದು ತೇಲಿಬಂತು. ಬಾಗಿಲೊಂದು ತೆರೆದ ಸದ್ದು. ಆಮೇಲೆ ಯಾರೋ ಸೆರಗಿನಲ್ಲಿ ಮೂಗು ಒರೆಸಿಕೊಂಡ ಸದ್ದು.

“ಲೇ ಜ್ಯೋತಿ! ತೆಗೆಯೇ! ತೆಗ್ದಳಾ ಆಯಮ್ಮ? ನನ್ನ ಬಿಟ್ಟು ನೋಡ್ತಿದೀಯಾ?”

“ಹೊರಡೋವಾಗ ಏನಂದ್ರಿ?” ಒಳಗಿನ ದನಿ ಕೇಳಿತು.

ಹೊರಡುವಾಗ ತಾನು ಗರ್ಜಿಸಿದ್ದು ದಯಾನಂದನಿಗೆ ನೆನಪಾಯಿತು. ಭಾಮೈದ ನೋಡುತ್ತಿದ್ದ, ಗೋಡೆಯಾಚೆಯಿಂದ ಚಿಕ್ಕಗಂಗಮ್ಮನೂ ಇಣುಕುತ್ತಿದ್ದಳು. ಮಾನ ಹೋದರೆ ಹೋಗಲಿ ಎಂದು ಬಾಗಿಲಿಗೆ ಹಣೆ ಹಚ್ಚಿ ನಿಂತು, ಅವ್ವನಿಗೆ ಹೇಳುತ್ತಿದ್ದಷ್ಟೇ ಭಕ್ತಿಯಿಂದ ಹೇಳಿದ:

“ಹೋಗಿ ಬತ್ತೀನಿ ಕಣೇ.”

“ಆಗ್ಲಿ, ಹೋಗಿ ಬನ್ನಿ,” ಎಂದಳು ಜ್ಯೋತಿಲಕ್ಷ್ಮಿ. “ಇಲ್ಲಿ ತಿಪ್ಪಯ್ಯ ಈಗಿನ್ನೂ ಊಟಕ್ಕೆ ಕೂತವ್ನೆ.”