ಇಬ್ಬರು ಹುಡುಗಿಯರು, ಒಂದು ಕಾರ್ನ್ ಸ್ನೇಕ್

ನಾಯಿ ಬೆಕ್ಕು ಸಾಕಿದವರು ತಮ್ಮ ಮನೆಯ ಕತೆ ಹೇಳಿಕೊಂಡು ನಗುವಾಗ ನಾನು ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ. ಬಿಟ್ಟರೆ ಅವರದ್ದೆಲ್ಲ ಸಪ್ಪೆಯಾಗಿಬಿಡುತ್ತದೆ. ಹಾವಿರುವ ಮನೆಯಲ್ಲಿ ವಾರಕ್ಕೊಂದು ಫಜೀತಿ ಆಗದೆ ಇರುವುದಿಲ್ಲ, ಅದೂ ಸಾಕುವವರಿಗೆ ಹಾವೆಂದರೇನೆಂದೇ ಗೊತ್ತಿಲ್ಲದಿದ್ದರೆ.

ದೆಹಲಿಯ ಪೀತಮ್‌ಪುರಕ್ಕೆ ಆಗಷ್ಟೇ ಮೆಟ್ರೋ ಬಂದಿತ್ತು. ಅಲ್ಲಿ ಒಂದು ಮನೆಯ ಮೊದಲ ಮಹಡಿಯಲ್ಲಿ ನಾನೂ ನನ್ನ ಗೆಳತಿಯೂ ಬಾಡಿಗೆಗಿದ್ದೆವು. ನಾನು ಚಿತ್ರದುರ್ಗದವಳು, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳು ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ, ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕೆಳಗಿನ ಮನೆಯಲ್ಲಿ ಓನರ್ ಆಂಟಿ, ಪಂಜಾಬಿನವರು. ಮನೆಯಲ್ಲಿ ನಾಯಿ, ಬೆಕ್ಕು, ಗಂಡು ಗೆಳೆಯರು ಇರಬಾರದು ಎಂದು ಮೊದಲ ದಿನವೇ ಹೇಳಿದ್ದರು. ಹಾವಿನ ಮಾತು ಬಂದಿರಲಿಲ್ಲ.

೧. ಟೀ ಜೊತೆಗೆ

ನಮ್ಮ ಮ್ಯಾನೇಜರ್ ವಿದೇಶಕ್ಕೆ ವರ್ಗವಾಗಿ ಹೊರಟಿದ್ದರು. ಮನೆ ಖಾಲಿ ಮಾಡುತ್ತಾ, ಪರದೆ ಬೇಕಾ, ಮಿಕ್ಸಿ ಬೇಕಾ ಎಂದು ಒಬ್ಬೊಬ್ಬರಿಗೇ ಫೋನ್ ಮಾಡಿ ಹಂಚುತ್ತಿದ್ದರು. ನನಗೆ ಫೋನ್ ಬಂದಾಗ ನಾನು ಆಫೀಸಿನ ಬಸ್ಸಿನಲ್ಲಿದ್ದೆ, ಸುತ್ತಲೂ ಹಾರ್ನ್. ಕಾರ್ನ್ ಸ್ನೇಕ್ ಇದೆ, ಇಟ್ಟುಕೊಳ್ಳುತ್ತೀಯಾ ಅಂದರಂತೆ. ನನಗೆ ಕೇಳಿಸಿದ್ದು ಕಾರ್ನ್ ಸ್ನ್ಯಾಕ್ಸ್.

ಖಂಡಿತ ಸರ್, ನಮ್ಮಿಬ್ಬರಿಗೂ ಬಹಳ ಇಷ್ಟ ಅಂದೆ. ಅವರಿಗೆ ಆಶ್ಚರ್ಯವಾಯಿತು. ಮುಂಚೆಯಿಂದ ಅಭ್ಯಾಸ ಇದೆಯಾ ಎಂದು ಕೇಳಿದರು. ಚಿಕ್ಕಂದಿನಿಂದ ಇದೆ ಅಂದೆ. ಎಲ್ಲಿ ಇಡುತ್ತೀಯಾ ಎಂದರು. ಅಡುಗೆಮನೆಯಲ್ಲಿ, ಡಬ್ಬಿಯಲ್ಲಿ ಅಂದೆ.

"ಗಾಳಿಯಾಡುತ್ತಾ?"

"ಗಾಳಿಯಾಡಿದರೆ ಮೆತ್ತಗಾಗಿಬಿಡುತ್ತೆ ಸರ್. ಬಿಗಿಯಾಗಿ ಮುಚ್ಚಿಡ್ತೀವಿ."

 ನೀನು ಮೊದಲು ಬಾ, ಬಂದಾಗ ಎಲ್ಲ ವಿವರವಾಗಿ ಹೇಳುತ್ತೇನೆ ಎಂದರು.

ಹೋದೆ. ಅವರು ತೋರಿಸಿದ್ದು ಗಾಜಿನ ಪೆಟ್ಟಿಗೆ. ಒಳಗೆ ಬೆರಳು ದಪ್ಪದ, ಎರಡು ಅಡಿ ಉದ್ದದ ಕಿತ್ತಳೆ ಬಣ್ಣದ ಹಾವು, ಮೈಮೇಲೆ ಕೆಂಪು ಮಚ್ಚೆಗಳು. ಅಮೆರಿಕದ ಕಡೆಯ ಜಾತಿ, ವಿಷವಿಲ್ಲ, ಬಹಳ ಸಾಧು ಎಂದರು. ಮರುದಿನ ಅವರ ವಿಮಾನ. ಒಪ್ಪಿಕೊಂಡಿದ್ದ ಬೇರೆಯವರು ಕೈಕೊಟ್ಟಿದ್ದರಂತೆ. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಚಿಕ್ಕಂದಿನಿಂದ ಅಭ್ಯಾಸವಿದೆ ಎಂದು ಹೇಳಿಕೊಂಡವಳು ಈಗ ಏನು ತಾನೇ ಹೇಳಲಿ? ಪೆಟ್ಟಿಗೆ, ಅದರಡಿಗೆ ಇಡುವ ಬಿಸಿ ಹಾಸು, ಅದರ ಊಟಕ್ಕೆಂದು ಐಸ್‌ಕ್ರೀಂ ಡಬ್ಬಿಯಲ್ಲಿ ತಣ್ಣಗೆ ಮಲಗಿದ್ದ ಸತ್ತ ಇಲಿಮರಿಗಳು, ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಬಂದೆ.

ಬಾಗಿಲು ತೆಗೆದ ಗೆಳತಿ ಆಗಲೇ ಟೀ ಮಾಡಿಟ್ಟು, ಸ್ನ್ಯಾಕ್ಸ್ ಸುರಿಯಲು ಒಂದು ತಟ್ಟೆ ಹಿಡಿದು ನಿಂತಿದ್ದಳು.

೨. ನೋಡಬಾರದು

ಬಂದ ದಿನವೇ ಹಾವು ಪೆಟ್ಟಿಗೆಯೊಳಗಿನ ಮಡಕೆ ಚೂರಿನ ಕೆಳಗೆ ಹೋಗಿ ಸೇರಿಕೊಂಡಿತು. ಮರುದಿನವೂ ಹೊರಗೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಇಲಿಮರಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ ಕೊಟ್ಟರೆ ಮೂಸಲಿಲ್ಲ. ಮೊಟ್ಟೆಯನ್ನೂ ಮುಟ್ಟದ ಮನೆಯಿಂದ ಬಂದ ನಾನು ಆ ಕೆಲಸ ಮಾಡುತ್ತಿದ್ದೆ. ಮೀನು ಮಾಂಸ ತಿಂದು ಬೆಳೆದ ಗೆಳತಿ ಅಡುಗೆಮನೆಯ ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು, ಆಯ್ತಾ ಆಯ್ತಾ ಎಂದು ಕೇಳುತ್ತಿದ್ದಳು.

ಹಾವು ಸತ್ತೇಹೋಯಿತೇನೋ ಎಂದು ಗಂಟೆಗೊಂದು ಸಲ ಮಡಕೆ ಚೂರನ್ನು ಎತ್ತಿ ನೋಡುವುದು ನಮ್ಮ ಕೆಲಸವಾಯಿತು. ನಾನು ಎತ್ತಿ ಇಟ್ಟರೆ ಅವಳು ಎತ್ತುವಳು. ಕೊನೆಗೆ ಮ್ಯಾನೇಜರ್‌ಗೆ ಇಮೇಲ್ ಬರೆದೆ. ಹೊಸ ಜಾಗಕ್ಕೆ ಬಂದ ಹಾವು ಹಾಗೇ ಅಡಗಿಕೊಳ್ಳುತ್ತದೆ, ಊಟವನ್ನೂ ಬಿಡುತ್ತದೆ, ದಯವಿಟ್ಟು ಒಂದು ವಾರ ಅದನ್ನು ಮುಟ್ಟಬೇಡಿ, ನೋಡಲೂ ಬೇಡಿ ಎಂದು ಉತ್ತರ ಬಂತು. ಗೆಳತಿಗೆ ಪಾಪ ಅನಿಸಿತು. "ಹೊಸದಾಗಿ ಬಂದ ಸೊಸೆಯ ಕೋಣೆ ಬಾಗಿಲನ್ನು ಗಂಟೆಗೊಂದು ಸಲ ತೆಗೆದರೆ ಅವಳಾದರೂ ಊಟ ಮಾಡ್ತಾಳಾ?" ಎಂದು ತನ್ನ ದುಪಟ್ಟಾವನ್ನೇ ಪೆಟ್ಟಿಗೆಯ ಮೇಲೆ ಹೊದಿಸಿದಳು.

ನೀರಿಡಲು ಕೈ ಹಾಕಿದ್ದು ಬಿಟ್ಟರೆ ಒಂದು ವಾರ ಆ ಕಡೆ ತಿರುಗಲಿಲ್ಲ. ಎಂಟನೇ ದಿನ ಇಬ್ಬರೂ ಉಸಿರು ಹಿಡಿದು ದುಪಟ್ಟಾ ಸರಿಸಿದೆವು. ಹಾವು ಗಾಜಿಗೆ ಮೂಗು ಒತ್ತಿಕೊಂಡು ನಮ್ಮನ್ನೇ ನೋಡುತ್ತಿತ್ತು. ಇವರಿಬ್ಬರೂ ಬದುಕಿದ್ದಾರೋ ಇಲ್ಲವೋ ಎಂದು ಅದಕ್ಕೂ ಅನುಮಾನ ಬಂದಿರಬೇಕು.

೩. ಅಮ್ಮನ ಫೋನು

ಆ ಹಾವು ಗಾಬರಿಯಾದಾಗ ಬಾಲದ ತುದಿಯನ್ನು ಗಡಗಡ ನಡುಗಿಸುತ್ತಿತ್ತು. ಕೆಳಗೆ ಹಾಸಿದ್ದ ನ್ಯೂಸ್‌ಪೇಪರಿಗೆ ಬಾಲ ತಾಗಿದರೆ ಥೇಟ್ ವೈಬ್ರೇಶನ್‌ನಲ್ಲಿಟ್ಟ ಮೊಬೈಲಿನ ಸದ್ದು. ಮೊದಮೊದಲು ನಾವಿಬ್ಬರೂ ದಿನಕ್ಕೆ ಹತ್ತು ಸಲ ಮೊಬೈಲ್ ಹುಡುಕಿ ಓಡುತ್ತಿದ್ದೆವು.

ಒಂದು ದಿನ ಓನರ್ ಆಂಟಿ ಗಾಜರ್ ಹಲ್ವಾ ತಂದುಕೊಟ್ಟು ಸೋಫಾದಲ್ಲಿ ಕೂತರು. ಮೂಲೆಯಲ್ಲಿ ದುಪಟ್ಟಾ ಹೊದ್ದ ಪೆಟ್ಟಿಗೆ. ಅವರ ದೊಡ್ಡ ದನಿಗೆ ಹಾವು ಬೆಚ್ಚಿ ಬಾಲ ನಡುಗಿಸತೊಡಗಿತು.

ಫೋನ್ ಬರುತ್ತಿದೆ, ತಗೋ ಬೇಟಾ ಎಂದರು ಆಂಟಿ. ಪರವಾಗಿಲ್ಲ ಅಂದೆ. ಊರಿಂದ ಅಮ್ಮ ಮಾಡುತ್ತಿರಬಹುದು, ಅಮ್ಮನ ಫೋನನ್ನು ಹಾಗೆ ಬಿಡಬಾರದು ಎಂದು ಬುದ್ಧಿ ಹೇಳಿದರು. ಬೇರೆ ದಾರಿ ಕಾಣದೆ ಮೊಬೈಲನ್ನು ಕಿವಿಗಿಟ್ಟುಕೊಂಡು, ಹೂಂ ಅಮ್ಮಾ, ಊಟ ಆಯ್ತು ಅಮ್ಮಾ, ಚಳಿ ಇದೆ ಅಮ್ಮಾ ಎಂದು ಶುರುಮಾಡಿದೆ. ಹಾವು ನಿಲ್ಲಿಸಿದರೆ ತಾನೇ? ನಾನು ಮಾತಾಡಿದಷ್ಟೂ ಅದರ ಬಾಲ ಜೋರಾಯಿತು.

ಆಂಟಿ ಪೆಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಗೆಳತಿಯ ಕಡೆ ತಿರುಗಿ, "ನೀನೂ ತಗೋ ಬೇಟಾ, ನಿನ್ನಮ್ಮನೂ ಮಾಡ್ತಿದ್ದಾರೆ" ಎಂದರು.

೪. ವಿಟಮಿನ್

ತಿಂಗಳು ಕಳೆಯುವಷ್ಟರಲ್ಲಿ ಹಾವು ಊಟಕ್ಕೆ ಒಗ್ಗಿಕೊಂಡಿತ್ತು. ಆದರೆ ಒಂದು ಬೆಳಿಗ್ಗೆ ನೋಡಿದರೆ ಅದರ ಬಣ್ಣ ಮಂಕಾಗಿದೆ, ಎರಡು ಕಣ್ಣಿಗೂ ಹಾಲಿನಂಥ ನೀಲಿ ಪೊರೆ. ನೀರಿನ ಬಟ್ಟಲಲ್ಲಿ ಸುರುಳಿ ಸುತ್ತಿ ಕೂತದ್ದು ಎದ್ದೇ ಇಲ್ಲ. ಕಣ್ಣು ಹೋಯಿತು ಎಂದು ಗೆಳತಿ ಅತ್ತೇಬಿಟ್ಟಳು. ಅಷ್ಟು ಹೊತ್ತಿಗೆ ಅದು ನಮಗೆ ಮನೆಯವರಂತೆ ಆಗಿಹೋಗಿತ್ತು. ರಜೆ ಹಾಕಿ, ಗಾಳಿಗೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಮಾರ್ಕೆಟ್ಟಿನ ನಾಯಿ ಡಾಕ್ಟರ ಬಳಿಗೆ ಹೋದೆವು.

ಮುಂದಿನ ಮೇಜಿನವರು ಕಾರ್ಡಿನಲ್ಲಿ ಹೆಸರು, ವಯಸ್ಸು ಬರೆದುಕೊಂಡು, ನಾಯಿಗಳಿಗೆ ಕೇಳುವ ಹಾಗೆ, ಬಾಲ ಕತ್ತರಿಸಿದ್ದೀರಾ ಎಂದು ಕೇಳಿದರು. ಬಾಲ ಬಿಟ್ಟರೆ ಬೇರೇನೂ ಇಲ್ಲ ಎಂದಳು ಗೆಳತಿ. ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು, ತಕ್ಷಣ ಮುಚ್ಚಿ, ಮೇಜಿನ ಆ ಬದಿಗೆ ಹೋಗಿ ನಿಂತರು. ಅಲ್ಲಿಂದಲೇ ಬಹಳ ಹೊತ್ತು ಯೋಚಿಸಿ, ನಿಶ್ಶಕ್ತಿ ಎಂದು ವಿಟಮಿನ್ ಡ್ರಾಪ್ಸ್ ಬರೆದುಕೊಟ್ಟರು. ಯಾರು ಬಾಯಿ ತೆಗೆಸಿ ಹಾಕುವುದು ಎಂದು ಇಬ್ಬರೂ ಜಗಳವಾಡಿ, ಬಾಟಲಿಯ ಮುಚ್ಚಳವನ್ನೂ ತೆಗೆಯದೆ ಹಾಗೇ ಇಟ್ಟೆವು.

ಕೆಲವು ದಿನಗಳ ಮೇಲೆ ನೋಡುತ್ತೇವೆ, ಪೆಟ್ಟಿಗೆಯಲ್ಲಿ ತಲೆಯಿಂದ ಬಾಲದವರೆಗೆ ಒಂದೇ ತುಂಡಾದ ಪೊರೆ. ಪಕ್ಕದಲ್ಲಿ ಫಳಫಳ ಹೊಳೆಯುವ ಹಾವು, ಕಣ್ಣು ಮಣಿಯ ಹಾಗೆ. ಪೊರೆ ಬಿಡುವ ಮೊದಲು ಕಣ್ಣು ಹಾಗಾಗುವುದು ಸಹಜ ಎಂದು ಇಂಟರ್ನೆಟ್‌ನಲ್ಲಿ ಓದಿ ತಿಳಿದುಕೊಂಡೆವು. ಡಾಕ್ಟರಿಗೂ ಗೊತ್ತಾಗಲಿ ಎಂದು ಫೋನ್ ಮಾಡಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ನೋಡಿದಿರಾ, ಡ್ರಾಪ್ಸ್ ಹೇಗೆ ಕೆಲಸ ಮಾಡಿತು" ಎಂದರು.

೫. ಎರವಲು

ಕೊನೆಗೂ ಮನೆಗೆಲಸಕ್ಕೆ ಬರುತ್ತಿದ್ದವಳ ಬಾಯಿಂದ ಆಂಟಿಗೆ ವಿಷಯ ತಿಳಿಯಿತು. ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೇ ಕೆಳಗೆ ಹೋದೆವು. ಆಂಟಿ ಕೇಳಿದ್ದು ಒಂದೇ. ಅಡುಗೆಮನೆಯಲ್ಲಿ ಇಲಿ ಸೇರಿಕೊಂಡಿದೆ, ಹಾವನ್ನು ಒಂದು ದಿನಕ್ಕೆ ಕೊಡುತ್ತೀರಾ?

ಕೊಟ್ಟೆವು, ಕಾವಲಿಗೆ ನಾವೂ ಕೂತೆವು. ಅಕ್ಕಿ ಡ್ರಮ್ಮಿನ ಹಿಂದಿನಿಂದ ಇಲಿ ಹೊರಗೆ ಬಂತು. ನಡೆದಾಡುವ ಇಲಿಯನ್ನು ನಮ್ಮ ಹಾವು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಾಲ ನಡುಗಿಸುತ್ತಾ ಹಿಂದೆ ಹಿಂದೆ ಸರಿದು ನನ್ನ ತೋಳಿಗೆ ಹತ್ತಿಕೊಂಡಿತು. ಆಂಟಿ ನಿಟ್ಟುಸಿರು ಬಿಟ್ಟು, ಇದೂ ನಿಮ್ಮಿಬ್ಬರ ಹಾಗೇ, ರೆಡಿಮೇಡ್ ತಿಂದೇ ಅಭ್ಯಾಸ ಎಂದರು.

೬. ಹುಡುಗಿ ನೋಡಲು ಬಂದವರು

ಜನವರಿಯ ಒಂದು ಭಾನುವಾರ ನನ್ನನ್ನು ನೋಡಲು ಹುಡುಗ ಬರುವುದೆಂದು ಊರಿನಲ್ಲಿ ಗೊತ್ತುಮಾಡಿದರು. ದಾವಣಗೆರೆ ಕಡೆಯವರು, ದೆಹಲಿ ಹತ್ತಿರದ ಮಾನೇಸರ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಜೊತೆಗೆ ಫರೀದಾಬಾದ್‌ನಲ್ಲಿರುವ ಅವರ ಚಿಕ್ಕಮ್ಮ. ಅವರು ಒಪ್ಪಿದರೆ ಮನೆಯವರೆಲ್ಲ ಒಪ್ಪಿದ ಹಾಗೆ ಎಂದು ಅಮ್ಮ ನಾಲ್ಕು ಸಲ ಫೋನ್ ಮಾಡಿ ಹೇಳಿದ್ದರು.

ಅವತ್ತು ಬೆಳಿಗ್ಗೆ ನೀರು ಬದಲಿಸಿದ ಗೆಳತಿ ಪೆಟ್ಟಿಗೆಯ ಮುಚ್ಚಳದ ಕ್ಲಿಪ್ ಹಾಕಲು ಮರೆತಳು. ಹಾವು ನಾಪತ್ತೆ. ಬೂಟಿನೊಳಗೆ, ರಜಾಯಿಗಳ ಮಡಿಕೆಯಲ್ಲಿ, ಕುಕ್ಕರಿನಲ್ಲಿ ಹುಡುಕಿದೆವು. ಚಳಿಗೆ ಅದು ಬೆಚ್ಚಗಿನ, ಇಕ್ಕಟ್ಟಾದ ಜಾಗ ಹುಡುಕುತ್ತದೆ ಎಂದು ಗೊತ್ತಿತ್ತು. ಹೀಟರಿನ ಪಕ್ಕದ ಸೋಫಾದ ಸಂದಿಗೆ ಟಾರ್ಚ್ ಬಿಟ್ಟು ನೋಡುತ್ತಿರುವಾಗಲೇ ಬೆಲ್ ಆಯಿತು.

ಚಿಕ್ಕಮ್ಮ ಕುರ್ಚಿಯಲ್ಲಿ ಕೂತರು. ಹುಡುಗ ಸೋಫಾದ ಆ ಮೂಲೆಯಲ್ಲೇ ಕೂತರು. ತೋಳು ಸಡಿಲವಾದ ಕೋಟು, ಅಣ್ಣನದಿರಬೇಕು. ಮೊದಲ ಐದು ನಿಮಿಷ ಚೆನ್ನಾಗಿ ಮಾತಾಡಿದರು, ನಗುಮುಖ. ನನಗೂ ಹಿಡಿಸಿತು. ಆಮೇಲೆ ಇದ್ದಕ್ಕಿದ್ದಂತೆ ಕಲ್ಲಿನ ಹಾಗಾದರು. ಕೇಳಿದ್ದಕ್ಕೆಲ್ಲ ಹೂಂ, ಊಹೂಂ. ಜನವರಿಯ ಚಳಿಯಲ್ಲಿ ಹಣೆಯ ಮೇಲೆ ಬೆವರು. ಉಪ್ಪಿಟ್ಟು ಕೊಟ್ಟರೆ, ಸೋಫಾದ ಮೇಲೆ ಚಾಚಿದ್ದ ಬಲಗೈಯನ್ನು ಅಲ್ಲಾಡಿಸದೆ ಎಡಗೈಯಲ್ಲಿ ತಿಂದರು. ಚಿಕ್ಕಮ್ಮನ ಮುಖ ಕಪ್ಪಾಯಿತು. ನಾನು ಹಿಡಿಸಲಿಲ್ಲ, ಅದಕ್ಕೇ ಬೇಕೆಂದೇ ಹೀಗೆ ಮಾಡುತ್ತಿದ್ದಾರೆ ಅಂದುಕೊಂಡೆ. 

ಅಷ್ಟರಲ್ಲಿ ಅವರು, ಇವರ ಜೊತೆ ಸ್ವಲ್ಪ ಪ್ರತ್ಯೇಕವಾಗಿ ಮಾತಾಡಬೇಕು ಎಂದರು. ಚಿಕ್ಕಮ್ಮನ ಮುಖ ಅರಳಿತು. ಬಾಲ್ಕನಿಗೆ ಹೋದೆವು. ಅವರು ಬಲಗೈಯನ್ನು ಪಿಂಗಾಣಿ ಸಾಮಾನಿನಂತೆ ಹಿಡಿದುಕೊಂಡು ಬಂದರು.

"ನೀವು ಹೆದರಬೇಡಿ" ಎಂದು ಮೆಲ್ಲಗೆ ಹೇಳಿದರು. "ನನ್ನ ಕೋಟಿನ ತೋಳಿನೊಳಗೆ ಏನೋ ಜೀವ ಇದೆ. ಮೊಣಕೈ ಹತ್ತಿರ ಸುತ್ತಿಕೊಂಡು ಕೂತಿದೆ. ಚಿಕ್ಕಮ್ಮನಿಗೆ ಬಿಪಿ ಜಾಸ್ತಿ, ಅದಕ್ಕೇ ಒಳಗೆ ಹೇಳಲಿಲ್ಲ."

"ಅದು ನಮ್ಮದು" ಅಂದೆ.

ಹಾವು ಎಂದು ತಿಳಿದ ಮೇಲೆ ಅವರು ಎಡಗೈಯಿಂದ ಕಂಬಿ ಹಿಡಿದುಕೊಂಡರು. ವಿಷವಿಲ್ಲ, ಆದರೆ ಎಳೆದರೆ ಬಿಗಿಯಾಗುತ್ತದೆ, ಅದಾಗಿಯೇ ಸಡಿಲವಾಗಬೇಕು ಎಂದೆ. ಅವರ ಕೋಟಿನ ತೋಳಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತೆ. ಅವರು ನಡುಗುತ್ತಿದ್ದರು, ಆದರೆ ಕೈ ಮಾತ್ರ ಕದಲಿಸಲಿಲ್ಲ, ಬಾಯಿಂದ ಒಂದು ಸದ್ದೂ ಬರಲಿಲ್ಲ. ಹತ್ತು ನಿಮಿಷ ಹಾಗೇ ನಿಂತಿದ್ದೆವು. ಹತ್ತನೇ ನಿಮಿಷಕ್ಕೆ ಹಾವು ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಹೊರಗೆ ಬಂತು. ಅದನ್ನು ಶಾಲಿನೊಳಗೆ ಮುಚ್ಚಿಕೊಂಡೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಚಿಕ್ಕಮ್ಮ, ಒಂದು ಕೈಯಲ್ಲಿ ಬಾಯಿ ಸಿಹಿ ಮಾಡಲು ಸಕ್ಕರೆ, ಇನ್ನೊಂದರಲ್ಲಿ ಮೊಬೈಲು. ಪರದೆಯ ಸಂದಿಯಿಂದ ಎಲ್ಲ ನೋಡಿದ್ದರಂತೆ. ಇಬ್ಬರೂ ಕೈ ಕೈ ಹಿಡಿದುಕೊಂಡು ನಿಂತಿದ್ದಾರೆ, ಬಿಡಿಸಲಾಗುತ್ತಿಲ್ಲ ಎಂದು ಎರಡೂ ಊರಿಗೆ ಫೋನ್ ಮಾಡಿ ಮುಗಿಸಿದ್ದರು.

"ನಿನಗೂ ಒಪ್ಪಿಗೆ ತಾನೇ?" ಎಂದು ಹುಡುಗನನ್ನು ಕೇಳಿದರು. ಅವರು ನನ್ನ ಶಾಲಿನ ಕಡೆ ಒಂದು ಸಲ ನೋಡಿ, ತಲೆಯಾಡಿಸಿದರು.

ಮದುವೆಯಾಗಿ ಎಷ್ಟೋ ದಿನದ ಮೇಲೆ ಕೇಳಿದೆ, ಅಷ್ಟೆಲ್ಲ ಆದಮೇಲೂ ಅವತ್ತು ನನ್ನನ್ನು ಒಪ್ಪಿಕೊಂಡಿರಲ್ಲ, ನನ್ನಲ್ಲಿ ಏನು ಕಂಡಿರಿ ಎಂದು. ಒಳ್ಳೆಯ ಮಾತು ಬರುತ್ತದೆ ಎಂದು ಕಾದೆ.

"ಬೇಡ ಅನ್ನೋದು ಹೇಗೆ?" ಅಂದರು. "ಹಾವು ನಿನ್ನ ಕೈಯಲ್ಲಿತ್ತಲ್ಲ."